ಆ ನಷ್ಟ ಯಾರ ತಲೆ ಮೇಲೆ?

(ಯೌವನಸ್ಥರ ಕೂಟದಲ್ಲಿ ಕೊಟ್ಟ ಸಂದೇಶದ ಬರಹರೂಪ)

  

ಈ ಸಂಜೆ ಎಂಟನೇ ಆಜ್ಞೆ ಬಗ್ಗೆ ಮಾತಾಡೋಣ. ಕಳ್ಳತನದ ಆಜ್ಞೆ. ಕೆಲವರ ಮುಖ ನೋಡಿದ್ರೇ ಗೊತ್ತಾಗ್ತಿದೆ, "ಇದು ನಮಗಲ್ಲ ಬಿಡಿ" ಅಂತ. ಹತ್ತು ಆಜ್ಞೆಗಳಲ್ಲಿ ಕೊಲೆ, ಕಳ್ಳತನ ಎರಡರಲ್ಲಂತೂ ನಾವು ಪಾಸ್ ಅಂದುಕೊಂಡಿರ್ತೀವಿ. ಸರಿ, ಕಳ್ಳತನ ಅನ್ನೋ ಪದವನ್ನೇ ಸ್ವಲ್ಪ ಹೊತ್ತು ಪಕ್ಕಕ್ಕಿಡ್ತೀನಿ. ಕೆಲವು ಕೆಲಸಗಳನ್ನ ಮಾತ್ರ ಹೇಳ್ತೀನಿ, ಕೇಳಿ.

ಟ್ಯಾಗ್ ಕೀಳದೆ ಡ್ರೆಸ್ ಹಾಕ್ಕೊಂಡು ಫ್ರೆಂಡ್ ಮದುವೆಗೆ ಹೋಗಿ, ಸೋಮವಾರ "ಸೈಜ್ ಆಗ್ಲಿಲ್ಲ" ಅಂತ ರಿಟರ್ನ್ ಮಾಡೋದು. ಆ್ಯಪ್‌ನಲ್ಲಿ ತರಿಸಿದ ಐದು ಐಟಂ ಐದೂ ಬಂದಿದ್ರೂ "ಒಂದು ಬಂದಿಲ್ಲ" ಅಂತ ಒತ್ತಿ ರೀಫಂಡ್ ತಗೊಳ್ಳೋದು. ತರಕಾರಿ ತೂಕ ಮಾಡಿಸಿ ಸ್ಟಿಕ್ಕರ್ ಅಂಟಿಸಿದ ಮೇಲೆ ಕವರಿಗೆ ಇನ್ನೆರಡು ಟೊಮೇಟೊ ಹಾಕೋದು. ಬಿಲ್ ಕೌಂಟರ್‌ನಲ್ಲಿ ಕೆಲಸ ಮಾಡೋ ಗೆಳೆಯ ನಾಲ್ಕು ಸಾಮಾನಲ್ಲಿ ಮೂರನ್ನ ಮಾತ್ರ ಸ್ಕ್ಯಾನ್ ಮಾಡಿ ಕಣ್ಣು ಹೊಡೆದಾಗ ನಕ್ಕು ಹೊರಗೆ ಬರೋದು.

ಇದನ್ನ ಕೇಳಿದ್ರೆ ಬರೋ ಉತ್ತರ ಒಂದೇ: "ಅಷ್ಟು ದೊಡ್ಡ ಕಂಪನಿ, ಅವರಿಗೇನಾಗುತ್ತೆ ಪಾಸ್ಟರ್? ಅವರು ಇದನ್ನೆಲ್ಲ ಲೆಕ್ಕ ಹಾಕೇ ರೇಟ್ ಇಟ್ಟಿರ್ತಾರೆ."

ನಾನು ಈ ಮಾತನ್ನ ತಳ್ಳಿಹಾಕಲ್ಲ. ಇದರೊಳಗೆ ಒಂದು ನಿಜವಾದ ಪ್ರಶ್ನೆ ಇದೆ. ಯಾರಿಗೂ ನೋವಾಗದಿದ್ರೆ ಅದು ಕಳ್ಳತನವಾ? ಉತ್ತರ ಬೇಕಂದ್ರೆ ಒಂದು ಸಾಮಾನು ಕಾಣೆಯಾದಾಗ ಆ ನಷ್ಟ ಎಲ್ಲಿಗೆ ಹೋಗುತ್ತೆ ಅಂತ ಹಿಂದೆ ಹಿಂದೇನೇ ಹೋಗಿ ನೋಡಬೇಕು. ಮೊದಲು ಒಂದು ತೆಂಗಿನ ತೋಟಕ್ಕೆ ಹೋಗೋಣ, ಆಮೇಲೆ ವಾಪಸ್ ಸೂಪರ್‌ಮಾರ್ಕೆಟ್‌ಗೆ ಬರೋಣ.

ತಿಪಟೂರು ತಾಲ್ಲೂಕಿನ ಹಾಲ್ಕುರಿಕೆ ನಿಮ್ಮಲ್ಲಿ ಕೆಲವರಿಗೆ ಗೊತ್ತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಮಕ್ಕಳು ಇಲ್ಲಿ ಇದ್ದೀರಿ. ಆ ಸೀಮೆಯಲ್ಲಿ ತೆಂಗು ಅಂದ್ರೆ ಬದುಕು. ಉಂಡೆ ಕೊಬ್ಬರಿ ಹೇಗಾಗುತ್ತೆ ಅಂತ ಬೆಂಗಳೂರಲ್ಲೇ ಬೆಳೆದವರಿಗೆ ಹೇಳ್ತೀನಿ. ಚೆನ್ನಾಗಿ ಬಲಿತ ಕಾಯನ್ನ ಸಿಪ್ಪೆ ಸಮೇತ ಅಟ್ಟಕ್ಕೆ ಹಾಕ್ತಾರೆ. ಹತ್ತು ಹನ್ನೊಂದು ತಿಂಗಳು ಅದು ಅಲ್ಲೇ ಕೂತಿರುತ್ತೆ. ಒಳಗಿನ ನೀರು ಆರಬೇಕು, ತಿರುಳು ಒಣಗಿ ಚಿಪ್ಪು ಬಿಡಬೇಕು, ಅಲ್ಲಾಡಿಸಿದ್ರೆ ಗಡಗಡ ಅನ್ನಬೇಕು. ಆಮೇಲೆ ಸುಲಿದು, ಉಂಡೆ ಒಡೆಯದ ಹಾಗೆ ಚಿಪ್ಪು ತೆಗೆದು, ತಿಪಟೂರಿನ ಎಪಿಎಂಸಿಗೆ ತಗೊಂಡು ಹೋಗ್ತಾರೆ. ಆ ಅಟ್ಟವೇ ಮನೆಯವರ ಬ್ಯಾಂಕು. ಮಗಳ ಫೀಸು, ಸಂಘದ ಸಾಲ, ಮುದುಕಿಯ ಮಾತ್ರೆ ಎಲ್ಲಾ ಅಲ್ಲಿ ಒಣಗ್ತಾ ಇರುತ್ತೆ.

2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕೊಟ್ಟ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ರೂಪಾಯಿ. ಆ ಲೆಕ್ಕದಲ್ಲಿ 40 ಕೆಜಿ ಕೊಬ್ಬರಿಗೆ 4,840 ರೂಪಾಯಿ. ಈ ಅಂಕಿ ನೆನಪಿಟ್ಕೊಳ್ಳಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಳ್ಳತನದ ಕಲಂ 303. ಕದ್ದದ್ದು 5,000 ರೂಪಾಯಿಗಿಂತ ಕಡಿಮೆ ಇದ್ದು, ಮೊದಲ ಸಲ ತಪ್ಪಿತಸ್ಥನಾಗಿದ್ದು, ವಸ್ತುವನ್ನೋ ಅದರ ಬೆಲೆಯನ್ನೋ ವಾಪಸ್ ಕೊಟ್ರೆ, ಶಿಕ್ಷೆ ಸಮುದಾಯ ಸೇವೆ. ಒಳ್ಳೆ ಕಾನೂನು ಅಂತಲೇ ನನಗನ್ನಿಸುತ್ತೆ. ಮೊದಲು ವಾಪಸ್ ಕೊಡು ಅನ್ನುತ್ತೆ. ಆದ್ರೆ ನೋಡಿ, ಕಾನೂನಿನ ಪುಸ್ತಕದಲ್ಲಿ ಆ 4,840 ಚಿಕ್ಕ ಮೊತ್ತ. ಹನ್ನೊಂದು ತಿಂಗಳು ಅಟ್ಟ ಕಾದ ಮನೆಯಲ್ಲಿ ಅದು ಚಿಕ್ಕದಾ?

ಹಾಗಾಗಿ ಮೊದಲನೇ ಪಾಠ: ನಷ್ಟ ಚಿಕ್ಕದೋ ದೊಡ್ಡದೋ ಅಂತ ತಗೊಂಡವನ ಕಡೆಯಿಂದ ಅಳೆಯೋಕಾಗಲ್ಲ, ಕಳಕೊಂಡವನ ಕಡೆಯಿಂದಲೇ ಅಳೀಬೇಕು.

ಸತ್ಯವೇದ ಇಲ್ಲಿ ಒಂದು ಸೂಕ್ಷ್ಮ ಗೆರೆ ಹಾಕುತ್ತೆ. ಧರ್ಮೋಪದೇಶಕಾಂಡ 23ನೇ ಅಧ್ಯಾಯದ ಕೊನೆ ಓದಿ. ನೆರೆಯವನ ದ್ರಾಕ್ಷಿತೋಟಕ್ಕೆ ಹೋದವನು ಹೊಟ್ಟೆ ತುಂಬ ತಿನ್ನಬಹುದು, ಆದ್ರೆ ಪಾತ್ರೆಗೆ ತುಂಬಿಕೊಳ್ಳೋ ಹಾಗಿಲ್ಲ. ನಮ್ಮ ಕಡೆ ಹೇಳೋದಾದ್ರೆ, ಬಾಯಾರಿ ಬಂದವನು ಒಂದು ಎಳನೀರು ಕುಡಿದ್ರೆ ಅದು ಬೇರೆ, ಗೋಣಿಚೀಲ ಹಿಡ್ಕೊಂಡು ಬಂದ್ರೆ ಅದು ಬೇರೆ. ಹಸಿವು ದೇವರಿಗೆ ಗೊತ್ತು. ಚೀಲವೂ ಗೊತ್ತು.

"ಹಾಗಾದ್ರೆ ಸೂಪರ್‌ಮಾರ್ಕೆಟ್‌ನಲ್ಲಿ ನಾಲ್ಕು ದ್ರಾಕ್ಷಿ ತಿಂದ್ರೆ ತಪ್ಪಿಲ್ಲ ಅಲ್ವಾ?" ಅಂತ ಯಾರೋ ಹಿಂದೆ ಕೂತು ಯೋಚಿಸ್ತಿದ್ದೀರಿ. ಆ ತೋಟದಲ್ಲಿ ತಿಂದವನಿಗೆ ಧರ್ಮಶಾಸ್ತ್ರದ ಅನುಮತಿ ಇತ್ತು, ತೋಟದವನಿಗೂ ಅದು ಗೊತ್ತಿತ್ತು. ಅಲ್ಲಿ ಬಚ್ಚಿಟ್ಕೊಳ್ಳೋ ಮಾತೇ ಇಲ್ಲ. ಅಂಗಡಿಯಲ್ಲೂ ಅಷ್ಟೇ, ಕೇಳಿ ರುಚಿ ನೋಡಿ. ಆ ಕಡೆ ಈ ಕಡೆ ನೋಡಿ ಬಾಯಿಗೆ ಹಾಕ್ಕೊಳ್ತಿದ್ರೆ, ಉತ್ತರ ನಿಮ್ಮ ಕಣ್ಣಿಗೆ ಆಗಲೇ ಗೊತ್ತಿದೆ.

ತೋಟದಿಂದ ಇನ್ನೊಂದು ವಿಷಯ ಕಲೀಬೇಕು. ಕದ್ದ ಕಾಯಿ ತೋಟದಲ್ಲಿ ದುಡ್ಡಾಗಲ್ಲ. ಅದು ದುಡ್ಡಾಗೋದು ಅಂಗಡಿಯಲ್ಲಿ. ತೆಂಗಿನ ಸೀಮೆಯ ಹಳ್ಳಿಗಳಲ್ಲಿ ಎರಡು ಕಾಯಿ ಕೊಟ್ಟು ಟೀ ಪುಡಿ, ಸೋಪು ತರೋದು ಹಳೇ ರೂಢಿ. ಅಲ್ಲಿ ಅಂಗಡಿಯವನು ಒಂದು ಮಾತು ಕೇಳಿದ್ರೆ ಸಾಕು: "ಯಾರ ತೋಟದ್ದಪ್ಪಾ ಇದು?" ಈ ಒಂದು ಪ್ರಶ್ನೆ ಹತ್ತು ಕ್ಯಾಮೆರಾಕ್ಕೆ ಸಮ. ಯಾಕಂದ್ರೆ ಅದು ಆ ಕಾಯಿಗೆ ಒಂದು ಮುಖ ಕೊಡುತ್ತೆ, ಯಾರದೋ ತೋಟ, ಯಾರದೋ ಅಟ್ಟ ಅಂತ ನೆನಪಿಸುತ್ತೆ. ಆ ಪ್ರಶ್ನೆ ಕೇಳದೆ ಅರ್ಧ ಬೆಲೆಗೆ ಇಳಿಸಿಕೊಂಡವನೂ ಕಳ್ಳತನದಲ್ಲಿ ಪಾಲುದಾರನೇ. ಕದ್ದ ಮಾಲು ಅಂತ ಗೊತ್ತಿದ್ದು ತಗೊಳ್ಳೋದಕ್ಕೆ ಸಂಹಿತೆಯಲ್ಲಿ ಬೇರೆ ಕಲಮೇ ಇದೆ, 317. ಬಿಲ್ ಇಲ್ಲದ, ಬಾಕ್ಸ್ ಇಲ್ಲದ ಫೋನು ಕಾಲು ಭಾಗ ರೇಟಿಗೆ ಸಿಕ್ಕಿದಾಗ "ದೇವರ ಆಶೀರ್ವಾದ" ಅನ್ನೋ ಮುಂಚೆ ಕೇಳಿ: ಯಾರ ತೋಟದ್ದು?

ಈಗ ವಾಪಸ್ ಸೂಪರ್‌ಮಾರ್ಕೆಟ್‌ಗೆ. ಹಳೇ ಕಿರಾಣಿ ಅಂಗಡಿಯಲ್ಲಿ ಸಾಮಾನಿಗೂ ನಮಗೂ ನಡುವೆ ಶೆಟ್ಟರು ನಿಂತಿರ್ತಿದ್ರು. ಕೇಳಿದ್ರೆ ಕೊಡೋರು. 1916ರಲ್ಲಿ ಅಮೆರಿಕದ ಮೆಂಫಿಸ್ ಊರಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತ ಪಿಗ್ಲಿ ವಿಗ್ಲಿ ಅಂತ ಅಂಗಡಿ ತೆರೆದು, ಗಿರಾಕಿಯೇ ಒಳಗೆ ಓಡಾಡಿ ಬೇಕಾದ್ದನ್ನ ತಗೊಳ್ಳೋ ಪದ್ಧತಿ ತಂದ. ಇವತ್ತಿನ ಪ್ರತಿ ಸೂಪರ್‌ಮಾರ್ಕೆಟ್ ಅದರ ಮೊಮ್ಮಗು. ವ್ಯಾಪಾರಕ್ಕಾಗಿಯೇ ಮಾಡಿದ್ದು, ನಿಜ. ಆದ್ರೂ ಯೋಚಿಸಿ: ಪರಿಚಯವೇ ಇಲ್ಲದವರ ಕೈಗೆ ಅಂಗಡಿ ಪೂರ್ತಿ ಬಿಟ್ಟುಕೊಡೋದು ಅಂದ್ರೆ ಅದು ದೊಡ್ಡ ನಂಬಿಕೆ.

ಆ ನಂಬಿಕೆ ಸೋರೋದಕ್ಕೆ ರೀಟೇಲ್ ಭಾಷೆಯಲ್ಲಿ ಒಂದು ಹೆಸರಿದೆ, ಶ್ರಿಂಕೇಜ್. ಪುಸ್ತಕದಲ್ಲಿ ಇರಬೇಕಾದ ಸ್ಟಾಕಿಗೂ ಶೆಲ್ಫಲ್ಲಿ ಇರೋ ಸ್ಟಾಕಿಗೂ ಇರುವ ವ್ಯತ್ಯಾಸ. ಅದು ನಾಲ್ಕು ಬಾಗಿಲಿಂದ ಹೋಗುತ್ತೆ: ಗಿರಾಕಿ ಕದಿಯೋದು, ಕೆಲಸದವರು ಕದಿಯೋದು, ಸರಬರಾಜು ಮಾಡುವವರ ಮೋಸ, ಬರೀ ಲೆಕ್ಕದ ತಪ್ಪು. ಇದನ್ನ ತಡೆಯೋಕೆ ಟ್ಯಾಗು, ಕ್ಯಾಮೆರಾ, ಬಾಗಿಲಲ್ಲಿ ಬಿಲ್ ನೋಡೋ ಗಾರ್ಡ್, ತಿಂಗಳಿಗೊಮ್ಮೆ ರಾತ್ರಿ ಕೂತು ಸ್ಟಾಕ್ ಎಣಿಸೋದು. ದಿನಸಿಯಲ್ಲಿ ಲಾಭ ತೆಳ್ಳಗೆ. ಉದಾಹರಣೆಗೆ ನೂರು ರೂಪಾಯಿ ವ್ಯಾಪಾರಕ್ಕೆ ಎರಡು ರೂಪಾಯಿ ಉಳಿಯುತ್ತೆ ಅಂತಿಟ್ಕೊಳ್ಳಿ. ನೂರು ರೂಪಾಯಿ ಸಾಮಾನು ಹೋದ್ರೆ, ಅದನ್ನ ತುಂಬೋಕೆ ಐದು ಸಾವಿರದ ವ್ಯಾಪಾರ ಮಾಡಬೇಕು.

ಆ "ದೊಡ್ಡ ಕಂಪನಿ" ಈ ನಷ್ಟವನ್ನ ನುಂಗಿಕೊಳ್ಳುತ್ತಾ? ಸಾಮಾನ್ಯವಾಗಿ ಇಲ್ಲ, ಕೆಳಗೆ ತಳ್ಳುತ್ತೆ. ಸ್ವಲ್ಪ ರೇಟಿಗೆ ಸೇರುತ್ತೆ, ಅಂದ್ರೆ ತಿಂಗಳ ಕೊನೆಗೆ ಎಣಿಸಿ ಎಣಿಸಿ ಅಕ್ಕಿ ತಗೊಳ್ಳೋ ಅಮ್ಮ ಕಟ್ತಾಳೆ. ಸ್ವಲ್ಪ ಕೆಲಸದವರ ಮೇಲೆ ಬೀಳುತ್ತೆ. ಸ್ಟಾಕ್ ಕಮ್ಮಿ ಬಂದ್ರೆ ಆ ಸೆಕ್ಷನ್ನಿನ ಹುಡುಗಿಯ ಸಂಬಳದಲ್ಲಿ ಹಿಡಿಯೋ ಅಂಗಡಿಗಳೂ ಇವೆ. ನೀವು "ಐಟಂ ಬಂದಿಲ್ಲ" ಅಂತ ಒತ್ತಿದಾಗ ಎಲ್ಲೋ ಒಬ್ಬ ಡೆಲಿವರಿ ಹುಡುಗನ ಹೆಸರಿನ ಮುಂದೆ ಒಂದು ದೂರು ಸೇರಬಹುದು. ಅವನು ಹಾಲ್ಕುರಿಕೆಯಂಥ ಊರಿಂದಲೇ ಬಂದಿರಬಹುದು. ಮಳೆಯಲ್ಲಿ ತಂದುಕೊಟ್ಟವನೂ ಅವನೇ, ಕಳ್ಳ ಅನ್ನಿಸಿಕೊಂಡವನೂ ಅವನೇ.

ಆಕಾನನ ಕಥೆ ಗೊತ್ತಲ್ಲಾ, ಯೆಹೋಶುವ 7ನೇ ಅಧ್ಯಾಯ. ಯೆರಿಕೋವಿನ ಲೂಟಿಯಲ್ಲಿ ಒಂದು ನಿಲುವಂಗಿ, ಸ್ವಲ್ಪ ಬೆಳ್ಳಿ, ಸ್ವಲ್ಪ ಬಂಗಾರ ತಂದು ಡೇರೆಯಲ್ಲಿ ಹೂತಿಟ್ಟ. ಅಷ್ಟು ದೊಡ್ಡ ಪಟ್ಟಣದಲ್ಲಿ ಇದು ಯಾವ ಲೆಕ್ಕ ಅಂದುಕೊಂಡಿರಬೇಕು. ಆದ್ರೆ ಆಯಿ ಊರಿನ ಹತ್ತಿರ ಸತ್ತ ಸುಮಾರು 36 ಮಂದಿಯಲ್ಲಿ ಆಕಾನ ಇರಲಿಲ್ಲ. ಹೂತಿಟ್ಟವನು ಡೇರೆಯಲ್ಲಿದ್ದ, ಬೆಲೆ ಕಟ್ಟಿದವರು ಬಯಲಲ್ಲಿದ್ರು.

ಈಗ ಅಂಗಡಿ ನಡೆಸೋರಿಗೆ, ಸ್ಟೋರ್ ಮ್ಯಾನೇಜರ್ ಆಗಿರೋರಿಗೆ ಒಂದು ಮಾತು. ಆದಿಕಾಂಡ 31ರಲ್ಲಿ ಯಾಕೋಬ ತನ್ನ ಮಾವ ಲಾಬಾನನಿಗೆ ಹೇಳೋದನ್ನ ಓದಿ. ಇಪ್ಪತ್ತು ವರ್ಷ ನಿನ್ನ ಮಂದೆ ಕಾದೆ, ಹಗಲಲ್ಲಿ ಕದ್ದು ಹೋದದ್ದು, ರಾತ್ರಿಯಲ್ಲಿ ಕದ್ದು ಹೋದದ್ದು ಎಲ್ಲವನ್ನೂ ನನ್ನಿಂದಲೇ ವಸೂಲಿ ಮಾಡಿದೆ ಅಂತ ಅವನ ಸಂಕಟ. ಆ ಮಂದೆಯ ಜಾಗದಲ್ಲಿ ಶೆಲ್ಫ್ ಇಟ್ಟು ನೋಡಿ, ಅದು ಇವತ್ತಿನ ಸೇಲ್ಸ್ ಹುಡುಗಿಯ ಮಾತೇ. ನಮ್ಮ ದೇಶದಲ್ಲಿ 1936ರ ವೇತನ ಪಾವತಿ ಕಾಯ್ದೆಯೇ ಹೇಳಿತ್ತು: ನೌಕರನ ವಶಕ್ಕೆ ಕೊಟ್ಟ ಮಾಲು ಅವನದೇ ನಿರ್ಲಕ್ಷ್ಯದಿಂದ ಹೋಗಿದ್ರೆ ಮಾತ್ರ ಸಂಬಳದಲ್ಲಿ ಹಿಡಿಯಬಹುದು, ಅದೂ ಅವನ ವಿವರಣೆ ಕೇಳಿದ ಮೇಲೆ. ಯಾರೋ ಕದ್ದದ್ದಕ್ಕೆ ಹತ್ತು ಜನರಿಂದ ಹಂಚಿ ಕಿತ್ತುಕೊಂಡ್ರೆ ಅದು ಲಾಸ್ ಪ್ರಿವೆನ್ಷನ್ ಅಲ್ಲ, ಎರಡನೇ ಕಳ್ಳತನ.

ಅನುಮಾನವೂ ಹಾಗೇ. ತೋಟದಲ್ಲಿ ಕಾಯಿ ಕಾಣೆಯಾದ್ರೆ ಮೊದಲು ಕೂಲಿಯವನ ಕಡೆ ನೋಡ್ತೀವಿ. ಅಂಗಡಿಯಲ್ಲಿ ಕಸ ಗುಡಿಸೋ ಅಕ್ಕನ ಬ್ಯಾಗ್ ತೆರೆಸಿ ನೋಡ್ತಾರೆ, ಕಾರಲ್ಲಿ ಬಂದವರಿಗೆ ನಮಸ್ಕಾರ ಹೇಳ್ತಾರೆ. ಎಲ್ಲರನ್ನೂ ಒಂದೇ ರೀತಿ ಚೆಕ್ ಮಾಡಿದ್ರೆ ಅದು ನಿಯಮ. ಬಡವರನ್ನ ಮಾತ್ರ ಮಾಡಿದ್ರೆ ಅದು ಅವಮಾನ. ಕಳೆದುಹೋದ ಸಾಮಾನಿಗೆ ರೇಟ್ ಇದೆ, ಕಳೆದುಹೋದ ಮರ್ಯಾದೆಗೆ ಬಿಲ್ ಎಲ್ಲಿ ಹಾಕಿಸ್ತೀರಿ?

ಯೌವನಸ್ಥರೇ, ಹಾಗಾದ್ರೆ ಏನು ಮಾಡಬೇಕು? ಮೂರು ಮಾತು ಹೇಳಿ ಮುಗಿಸ್ತೀನಿ.

ಒಂದು, ವಾಪಸ್ ಕೊಡಿ. ಜಕ್ಕಾಯನನ್ನ ನೋಡಿ. ಯೇಸು ಅವನ ಮನೆಗೆ ಬಂದಾಗ ಅವನು ಬರೀ ಕಣ್ಣೀರು ಹಾಕಲಿಲ್ಲ, ಲೆಕ್ಕ ಹಾಕಿದ. ಮೋಸದಿಂದ ತಗೊಂಡದ್ದಕ್ಕೆ ನಾಲ್ಕರಷ್ಟು ಕೊಡ್ತೀನಿ ಅಂದ. ಆರಾಧನೆಯಲ್ಲಿ ಕೈ ಎತ್ತೋದು ಒಳ್ಳೇದು, ಆದ್ರೆ ಎತ್ತಿದ ಕೈಯಲ್ಲಿ ಬೇರೆಯವರದ್ದು ಇರಬಾರದು. ಆ ಅಂಗಡಿಗೆ ಹೋಗಿ, ಮ್ಯಾನೇಜರ್‌ಗೆ ಹೇಳಿ, ದುಡ್ಡು ಕಟ್ಟಿ, ಬಿಲ್ ತಗೊಳ್ಳಿ. ನಾಚಿಕೆ ಆಗುತ್ತೆ. ಒಂದು ದಿನದ ನಾಚಿಕೆ ಅದು. ಸುಳ್ಳು ರಿಪೋರ್ಟ್ ಮಾಡಿದ್ರೆ ಕಸ್ಟಮರ್ ಕೇರ್‌ಗೆ ಬರೆದು ಸರಿ ಮಾಡಿ, ಒಬ್ಬ ಹುಡುಗನ ಹೆಸರು ಉಳಿಯಬಹುದು.

ಎರಡು, ನೀವು ಅಂಗಡಿಯಲ್ಲೇ ಕೆಲಸ ಮಾಡ್ತಿದ್ರೆ, ಕೀಲಿಕೈ ನಿಮ್ಮ ಕೈಯಲ್ಲಿದೆ. ಸಂಬಳ ಕಡಿಮೆ ಅನ್ನೋದು ನಿಜವೇ ಇರಬಹುದು. ಅದನ್ನ ಬಾಯಿ ಬಿಟ್ಟು ಕೇಳಿ, ಕೊಡದಿದ್ರೆ ಕಾರ್ಮಿಕ ಇಲಾಖೆ ಇದೆ. ಕದ್ದು ಸರಿ ಮಾಡಿಕೊಂಡ್ರೆ ನಿಮ್ಮ ನ್ಯಾಯವಾದ ದೂರಿನ ಬೆಲೆಯೂ ಹೋಗುತ್ತೆ. ಪಕ್ಕದ ಕೌಂಟರಿನವಳ ಸಂಬಳವೂ ಹೋಗಬಹುದು.

ಮೂರು, ಕದಿಯದೆ ಇರೋದಕ್ಕೇ ನಿಲ್ಲಬೇಡಿ. ಎಫೆಸ 4ನೇ ಅಧ್ಯಾಯದಲ್ಲಿ ಪೌಲ ಕಳ್ಳನಿಗೆ ಸುಮ್ಮನೆ "ನಿಲ್ಲಿಸು" ಅಂದು ಬಿಡಲ್ಲ. ಕೈಯಾರೆ ದುಡಿ, ಕಷ್ಟದಲ್ಲಿರೋರಿಗೆ ಕೊಡುವಷ್ಟು ದುಡಿ ಅನ್ನೋ ಅರ್ಥದಲ್ಲಿ ಬರೀತಾನೆ. ಅಂದ್ರೆ ಬೇರೆಯವರ ಅಟ್ಟದಿಂದ ಇಳಿಸುತ್ತಿದ್ದ ಅದೇ ಕೈ, ಇನ್ನೊಬ್ಬರ ಅಟ್ಟಕ್ಕೆ ಏರಿಸಬೇಕು. ಕ್ಯಾಮೆರಾ ಕೈಯನ್ನ ತಡೀಬಹುದು, ಆದ್ರೆ ಕೊಡೋ ಕೈ ಮಾಡೋಕೆ ಅದಕ್ಕೆ ಆಗಲ್ಲ. ಅದು ಪವಿತ್ರಾತ್ಮನ ಕೆಲಸ.

ಎದ್ದು ನಿಲ್ಲೋಣ, ಪ್ರಾರ್ಥಿಸೋಣ.

ತಂದೆಯೇ, ನಾವು ಚಿಕ್ಕದು ಅಂದದ್ದನ್ನ ಕಟ್ಟಿದವರ ಮುಖ ನಮಗೆ ತೋರಿಸು. ವಾಪಸ್ ಕೊಡಬೇಕಾದವರಿಗೆ ಈ ವಾರ ಧೈರ್ಯ ಕೊಡು. ಸುಮ್ಮಸುಮ್ಮನೆ ಕಳ್ಳರು ಅನ್ನಿಸಿಕೊಂಡವರ ಹೆಸರನ್ನ ನೀನೇ ಎತ್ತಿ ಹಿಡಿ. ಯೇಸುವಿನ ನಾಮದಲ್ಲಿ, ಆಮೆನ್.