ಎರೆ, ಮಸಾರಿ ಮತ್ತು ಸ್ವಧರ್ಮ

ಧರ್ಮವು ಸಕಲರಿಗೂ ಒಂದೆಯೋ, ಅಥವಾ ಅವರವರ ಸ್ವಭಾವಕ್ಕೆ ತಕ್ಕಂತೆ ಬೇರೆಬೇರೆಯೋ ಎಂಬ ಪ್ರಶ್ನೆಯನ್ನು ಪಂಡಿತರು ಬಹುಕಾಲದಿಂದ ವಿಚಾರಿಸುತ್ತ ಬಂದಿದ್ದಾರೆ. ಬೆಳಗಾವಿ ಸೀಮೆಯ ಒಕ್ಕಲಿಗನಾದರೋ ಅದೇ ಪ್ರಶ್ನೆಗೆ ಪ್ರತಿವರ್ಷವೂ ಕೂರಿಗೆ ಹೂಡುವ ಮುನ್ನ ಉತ್ತರ ಕೊಡಲೇಬೇಕು, ಮತ್ತು ಅವನ ಉತ್ತರ ತಪ್ಪಾದರೆ ಅದನ್ನು ಖಂಡಿಸಲು ಪ್ರತಿವಾದಿ ಬೇಕಾಗಿಲ್ಲ, ಸುಗ್ಗಿಯಲ್ಲಿ ಬರಿದಾಗಿ ನಿಂತ ಕಣವೇ ಸಾಕು.

ಮಲಪ್ರಭೆ ಹುಟ್ಟುವ ಕಣಕುಂಬಿಯಿಂದ ಆ ನದಿಯ ಜೊತೆಯಲ್ಲಿಯೇ ಪೂರ್ವಕ್ಕೆ ಹೊರಟವನಿಗೆ ಒಂದೇ ಜಿಲ್ಲೆಯೊಳಗೆ ಹಲವು ಲೋಕಗಳು ಎದುರಾಗುತ್ತವೆ. ಖಾನಾಪುರದ ಕಡೆ ಜಂಬಿಟ್ಟಿಗೆಯ ಕೆಂಪು ಮಣ್ಣು, ಮಲೆನಾಡಿನ ಮಳೆ. ಭತ್ತವೆಂದರೆ ಕೆಸರುಗದ್ದೆಯಲ್ಲಿ ಸಸಿ ನಾಟಿ ಮಾಡುವುದೆಂದಷ್ಟೇ ಬಲ್ಲವರಿಗೆ ಇಲ್ಲಿಯ ಕೂರಿಗೆ ಭತ್ತ ಸೋಜಿಗವೆನಿಸೀತು: ಮುಂಗಾರಿನ ಮೊದಲ ಹನಿಗಳಿಗೆ ಹದವಾದ ಒಣನೆಲದಲ್ಲಿ ಜೋಳದಂತೆ ಭತ್ತವನ್ನೂ ಸಾಲಾಗಿ ಬಿತ್ತಿ, ಹೊಲದಲ್ಲಿ ನೀರು ನಿಲ್ಲುವ ಮೊದಲೇ ಎಡೆಕುಂಟೆ ಹೊಡೆದು ಕಳೆ ತೆಗೆಯುತ್ತಾರೆ. ಬೆಳಗಾವಿ ನಗರದ ಅಂಚಿನ ವಡಗಾವಿ, ಯಳ್ಳೂರುಗಳ ಕರಿನೆಲದಲ್ಲಿ ಭತ್ತದ ಕೊಯ್ಲಾದ ಮೇಲೆ ಉಳಿದ ಹಸಿಯಲ್ಲಿಯೇ ಮಸೂರು ಬೆಳೆಯುವುದುಂಟು. ಇನ್ನೂ ಮುಂದೆ, ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ಸವದತ್ತಿ, ರಾಮದುರ್ಗಗಳ ಬಯಲಿನಲ್ಲಿ, ಎರೆಯೆಂಬ ಕಪ್ಪುಮಣ್ಣಿನ ರಾಜ್ಯ.

ಈ ಎರೆಯ ಸ್ವಭಾವವನ್ನು ತುಸು ನಿಧಾನವಾಗಿ ನೋಡತಕ್ಕದ್ದು. ನೀರು ಕುಡಿದಾಗ ಉಬ್ಬಿ, ಒಣಗಿದಾಗ ಕುಗ್ಗಿ ಬಾಯಿಬಿಡುವ ಜೇಡಿ ಅದು. ತೊಯ್ದಾಗ ಎತ್ತಿನ ಕಾಲನ್ನು ಹಿಡಿದು ಬಿಡದು, ಬಿರಿದಾಗ ನೇಗಿಲನ್ನು ಒಳಗೆ ಬಿಡದು, ಹದವೆಂಬುದು ಆ ಎರಡರ ನಡುವಣ ಕೆಲವೇ ದಿನಗಳ ಅನುಗ್ರಹ. ಆದುದರಿಂದ ಆಳವಾದ ಎರೆಯ ಒಡೆಯನು ಮುಂಗಾರಿನಲ್ಲಿ ಬಿತ್ತುವ ಆತುರವನ್ನು ತಡೆದು, ಮಳೆ ಬಿಟ್ಟಾಗಲೆಲ್ಲ ಕುಂಟೆಯಿಂದ ಹರಗಿ, ಹಸಿಯನ್ನು ನೆಲದೊಳಗೆ ಕೂಡಿಟ್ಟು, ಹಸ್ತ ಚಿತ್ತಾ ಮಳೆಗಳ ಹೊತ್ತಿಗೆ ಹಿಂಗಾರಿ ಜೋಳ, ಕಡಲೆ, ಕುಸುಬೆಗಳನ್ನು ಬಿತ್ತುವನು. ಬಿತ್ತಿದ ಮೇಲೆ ಮಳೆಯೇ ಬಾರದಿದ್ದರೂ ಕೂಡಿಟ್ಟ ಹಸಿಯಿಂದಲೇ ಪೈರು ತೆನೆಗಟ್ಟೀತು. ಬಿರುಕು ಕಾಣಿಸಿದೊಡನೆ ಸಾಲುಗಳ ನಡುವೆ ಎಡೆ ಹೊಡೆದು ಮೇಲ್ಮಣ್ಣನ್ನು ಪುಡಿಮಾಡಿ ಅದನ್ನು ಮುಚ್ಚುತ್ತಾನೆ, ಇಲ್ಲವಾದರೆ ಒಳಗಿನ ಹಸಿಯು ಆ ಬಿರುಕಿನಿಂದಲೇ ಆರಿಹೋಗುವುದು. ಕೆಂಪುನೆಲವಾದ ಮಸಾರಿಗೆ ಇಂತಹ ಸಂಚಯದ ಶಕ್ತಿಯಿಲ್ಲ. ಅಲ್ಲಿ ಕಾಯುವವನು ಕೆಡುತ್ತಾನೆ, ಮಳೆ ಬಿದ್ದ ಕೂಡಲೇ ಬಿತ್ತಬೇಕು. ಒಂದು ಹೊಲದಲ್ಲಿ ತಾಳ್ಮೆಯೆನಿಸಿದ್ದು ಮುಂದಿನ ಹೊಲದಲ್ಲಿ ಆಲಸ್ಯವಾಗುತ್ತದೆ.

ಶಾಸ್ತ್ರಜ್ಞರೂ ಇದನ್ನು ಕಷ್ಟಪಟ್ಟೇ ಕಲಿತರು. 1930ರ ದಶಕದಲ್ಲಿ ಬಿಜಾಪುರ, ಸೊಲ್ಲಾಪುರ, ರಾಯಚೂರು, ಹಗರಿ ಮತ್ತು ರೋಹತಕ್‌ಗಳಲ್ಲಿ ಒಣಬೇಸಾಯದ ಸಂಶೋಧನ ಕೇಂದ್ರಗಳು ಸ್ಥಾಪಿತವಾದವು. ಒಡ್ಡು ಹಾಕುವುದು, ಕೆಲವು ವರ್ಷಕ್ಕೊಮ್ಮೆ ಆಳವಾಗಿ ಉಳುವುದು, ಸಾಲುಗಳನ್ನು ದೂರವಿಟ್ಟು ಬೀಜವನ್ನು ಕಡಿಮೆ ಮಾಡುವುದು, ಮತ್ತೆ ಮತ್ತೆ ಎಡೆ ಹೊಡೆಯುವುದು ಎಂಬ ಒಂದು ವಿಧಿಸಂಹಿತೆಯೂ ಬೋಧಿತವಾಯಿತು. ಕ್ರಮೇಣ ತಿಳಿದುಬಂದುದೇನೆಂದರೆ, ಮಣ್ಣಿನ ಸಮಪಾತಳಿಗೆ ಹೊಂದಿಸಿ ಕಟ್ಟಿದ ಒಡ್ಡು ಕೆಂಪುನೆಲದಲ್ಲಿ ನೀರನ್ನು ಇಂಗಿಸಿತು, ಆಳವಾದ ಎರೆಯಲ್ಲಿ ಅದೇ ಒಡ್ಡಿನ ಬದಿಗೆ ನೀರು ನಿಂತು ಪೈರು ಕೊಳೆಯಿತು, ಬಿರುಕುಬಿಟ್ಟ ಒಡ್ಡು ಒಡೆಯಿತು. ಹೀಗಾಗಿ ಎರೆಗೆ ನೀರನ್ನು ಮೆಲ್ಲನೆ ಹೊರಹೋಗಗೊಡುವ ಇಳುಕಲಿನ ಒಡ್ಡುಗಳು ಬೇಕಾದವು. ಮಣ್ಣನ್ನು ಕಾಯಬೇಕೆಂಬ ಧರ್ಮ ಒಂದೇ, ಆಚಾರ ಎರಡು.

ಇಷ್ಟಕ್ಕೆ ನಿಂತುಬಿಟ್ಟರೆ ಸ್ವಧರ್ಮವಾದಿಗಳು ಸಂತೋಷಪಡುವರು. ನೋಡಿರಿ, ಎರೆ ಎರೆಯೇ, ಮಸಾರಿ ಮಸಾರಿಯೇ, ಹಾಗೆಯೇ ಮನುಷ್ಯನೂ ಹುಟ್ಟಿನಿಂದ ಬಂದ ವೃತ್ತಿಯಲ್ಲಿಯೇ ಇರತಕ್ಕದ್ದು, ಎಂದು ಅವರು ಹೇಳಬಲ್ಲರು, ಹೇಳಿಯೂ ಇದ್ದಾರೆ. ಈ ತರ್ಕದ ದೋಷವನ್ನು ತಿಳಿಯಲು ಉಪನಿಷತ್ತು ಬೇಡ, ಬೇಸಿಗೆಯ ಕೆರೆಯಂಗಳವನ್ನು ನೋಡಿದರಾಯಿತು. ಕೆರೆಯ ಹೂಳನ್ನು ಬಂಡಿಯಲ್ಲಿ ಹೇರಿ ತಂದು ಮಸಾರಿಗೆ ಹರಡುವ ರೈತನು ನೀರು ಹಿಡಿಯಲಾರದ ಮಣ್ಣಿಗೆ ಹಿಡಿಯುವ ಗುಣವನ್ನು ಕೊಡುತ್ತಿದ್ದಾನೆ. ಸ್ವಭಾವವನ್ನು ಅರಿತಿರುವುದರಿಂದಲೇ ಅದನ್ನು ತಿದ್ದುವ ಧೈರ್ಯ ಅವನಿಗೆ ಬಂದಿದೆ. ಮೇಲಾಗಿ, ಹೊಲ ಎಂತಹದೆಂಬುದನ್ನು ಅವನು ಹೆಸರಿನಿಂದಾಗಲಿ ಹಿಂದಿನ ಒಡೆಯನಿಂದಾಗಲಿ ನಿರ್ಣಯಿಸುವುದಿಲ್ಲ. ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡುತ್ತಾನೆ, ಮಳೆಯಲ್ಲಿ ಅದು ನಡೆದುಕೊಳ್ಳುವ ಬಗೆಯನ್ನು ನೋಡುತ್ತಾನೆ. ಒಂದೇ ಸರ್ವೆ ನಂಬರಿನೊಳಗೆ ಎರೆಯೂ ಕಲ್ಲುನೆಲದ ಮಡ್ಡಿಯೂ ಕೂಡಿರುವುದನ್ನು ಅವನು ಬಲ್ಲನು. ಮಣ್ಣಿಗಾದರೋ ಇಚ್ಛೆಯಿಲ್ಲ. ಇಚ್ಛೆಯಿರುವ ಮನುಷ್ಯನನ್ನು ಮಣ್ಣಿಗಿಂತಲೂ ಕಠಿನವಾಗಿ ಕಟ್ಟಿಹಾಕುವುದು ಯಾವ ನ್ಯಾಯ?

ಈ ಕಟ್ಟನ್ನು ಒಪ್ಪದವರ ನೆನಪೂ ಇದೇ ಸೀಮೆಯಲ್ಲಿದೆ: ಖಾನಾಪುರ ತಾಲೂಕಿನ ಕಕ್ಕೇರಿಯಲ್ಲಿ ಡೋಹರ ಕಕ್ಕಯ್ಯನ ಸಮಾಧಿಯಿದೆ. ಚರ್ಮ ಹದಮಾಡುವ ಕುಲದಲ್ಲಿ ಜನಿಸಿ 12ನೆಯ ಶತಮಾನದ ಕಲ್ಯಾಣದಲ್ಲಿ ಶರಣನೆಂದು ಪೂಜ್ಯನಾದ ಆತನು, ಕಲ್ಯಾಣದ ಕ್ರಾಂತಿಯ ತರುವಾಯ ಶರಣರ ರಕ್ಷಣೆಗಾಗಿ ಹೋರಾಡುತ್ತ ಈ ಸೀಮೆಗೆ ಬಂದು ಇಲ್ಲಿಯೇ ಐಕ್ಯನಾದನೆಂದು ಪರಂಪರೆ ಹೇಳುತ್ತದೆ. ಕಾಯಕವನ್ನು ಗೌರವಿಸಿದ ಆ ಶರಣರೇ ಕಾಯಕಕ್ಕೂ ಹುಟ್ಟಿಗೂ ಹಾಕಿದ್ದ ಗಂಟನ್ನು ಬಿಚ್ಚಿದವರು. ಬೇಸಾಯವೇ ಕಾಯಕವಾಗಿದ್ದ ಒಕ್ಕಲಿಗ ಮುದ್ದಣ್ಣನೂ ಅವರ ಬಳಗದ ವಚನಕಾರನು. ಸ್ವಭಾವದ ಹೆಸರಿನಲ್ಲಿ ಮನುಷ್ಯರ ನಡುವೆ ಮೇಲುಕೀಳನ್ನು ಸ್ಥಾಪಿಸಬಯಸುವವರು ಬೇರೆ ಯಾರ ಸಾಕ್ಷ್ಯವನ್ನಾದರೂ ತರಲಿ, ಬೆಳಗಾವಿಯ ಒಕ್ಕಲಿಗನ ಸಾಕ್ಷ್ಯವು ಅವರ ಪಕ್ಷಕ್ಕೆ ಸಲ್ಲದು.