ಜೋಳಿಗೆ ಬೇಡಿದ ಭಿಕ್ಷೆ

ಜಂಗಮನ ಜೋಳಿಗೆಯು ಕಾಳುಕಡಿಯನ್ನು ಬೇಡುವುದು ರೂಢಿ. ಇಳಕಲ್ಲ ಶ್ರೀಮಠದ ಮಹಾಂತ ಅಪ್ಪಗಳು 1975ರಲ್ಲಿ ಹಿಡಿದ ಜೋಳಿಗೆಯಾದರೋ ಬೇಡಿದುದು ದುಶ್ಚಟವನ್ನು. ಊರೂರು ತಿರುಗಿ ಕುಡಿತ, ಬೀಡಿ, ತಂಬಾಕುಗಳನ್ನೇ ಅವರು ಭಿಕ್ಷೆಯಾಗಿ ಸ್ವೀಕರಿಸಿದರು. 2018ರಲ್ಲಿ ಅಪ್ಪಗಳು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1 ಇಂದು ರಾಜ್ಯದಲ್ಲಿ ವ್ಯಸನಮುಕ್ತ ದಿನವೆನಿಸಿದೆ.

ಭಕ್ತನು ಇಷ್ಟಲಿಂಗವನ್ನು ಇರಿಸಿಕೊಳ್ಳುವುದು ಎಡದ ಅಂಗೈಯಲ್ಲಿ. ತಂಬಾಕಿಗೆ ಸುಣ್ಣ ಬೆರೆಸಿ ತಿಕ್ಕುವುದೂ ಅದೇ ಅಂಗೈಯಲ್ಲಿ! ಲಿಂಗಕ್ಕೆ ಪೀಠವಾದ ಕರಸ್ಥಲವು ಬಾಯಿಯ ಅರ್ಬುದಕ್ಕೆ ಬೀಜ ಬಿತ್ತುವ ಹೊಲವಾಗಬಹುದೇ? ರೋಗ ಬಂದ ಮೇಲೆ ಹರಕೆ ಹೊತ್ತು ಫಲವೇನು? ಬಾಲಕನು ತಂದೆಯ ಸಂಚಿಯನ್ನು ನೋಡಿಯೇ ಕಲಿಯುವನು. ತರುಣನಿಗೆ ಗೆಳೆಯರೇ ಗುರುಗಳು. ಮುದುಕನಾದರೋ, ‘ಇನ್ನು ಬಿಟ್ಟರೇನು ಬಂತು?’ ಎನ್ನುವನು. ಆ ಮಾತು ಸಲ್ಲದು. ಅರುವತ್ತರಲ್ಲಿ ಬೀಡಿ ಬಿಟ್ಟವನ ಹೃದಯಕ್ಕೂ ಅಷ್ಟರಮಟ್ಟಿಗೆ ಅಪಾಯ ತಗ್ಗುವುದು.