ಸೇವೆಗೆ ಹೋದವರಿಗೆ ಆ ನಾಡಿನ ಮಾತು ಬೇಕೆ?

ಪರದೇಶಕ್ಕೆ ಸೇವೆಗೆಂದು ಹೊರಟ ತರುಣರಿಗೆ ಮನೆಯ ಹಿರಿಯರು ಕೇಳುವುದು ಊಟದ ಮಾತು, ಹವೆಯ ಮಾತು. ಭಾಷೆಯ ಮಾತು ಬಂದರೆ ‘ಇಂಗ್ಲಿಷ್ ಇದೆಯಲ್ಲ, ದುಭಾಷಿ ಇರುತ್ತಾನಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಕೈ ದುಡಿದರೆ ಸಾಲದೆ, ನಾಲಿಗೆಯೂ ಕಲಿಯಬೇಕೆ? ಇದು ಬರೀ ಅನುಕೂಲದ ಪ್ರಶ್ನೆಯಲ್ಲ, ಧರ್ಮದ ಪ್ರಶ್ನೆ ಎಂದೇ ನಮ್ಮ ಭಾವನೆ.

ಸೊಲ್ಲಾಪುರದ ಓದುಗ ಬಂಧುಗಳಿಗೆ ಡಾ. ದ್ವಾರಕಾನಾಥ ಕೋಟ್ನೀಸರ ಹೆಸರು ಹೊಸದಲ್ಲ. 1910ರಲ್ಲಿ ಆ ಊರಲ್ಲೇ ಹುಟ್ಟಿ ಮುಂಬಯಿಯಲ್ಲಿ ವೈದ್ಯಕೀಯ ಓದಿದವರು. ಜಪಾನಿನ ದಾಳಿಗೆ ಸಿಕ್ಕ ಚೀನಕ್ಕೆ 1938ರಲ್ಲಿ ಕಾಂಗ್ರೆಸ್ಸು ಕಳಿಸಿದ ಐವರು ವೈದ್ಯರಲ್ಲಿ ಒಬ್ಬರು. ಆಗ ಅವರಿಗೆ ಇನ್ನೂ 28 ತುಂಬಿರಲಿಲ್ಲ. ಚೀನೀ ಭಾಷೆಯ ಕಷ್ಟ ಅರಿಯಲು ಒಂದು ಅಕ್ಷರ ಸಾಕು. ‘ಮಾ’ ಎಂಬುದನ್ನು ದನಿ ಏರಿಸಿ ಇಳಿಸಿದಂತೆ ತಾಯಿ, ಸೆಣಬು, ಕುದುರೆ, ಬೈಯುವುದು ಎಂದು ಅರ್ಥ ಬೇರೆಯಾಗುತ್ತದೆ. ತಾಯಿಯನ್ನು ಕರೆಯಹೋಗಿ ಕುದುರೆಯನ್ನು ಕರೆದಂತಾದೀತು! ಕೋಟ್ನೀಸರು ಅದನ್ನು ಕಲಿತರು. ಮಾತಿಗಷ್ಟೇ ಅಲ್ಲ, ಓದುವುದಕ್ಕೆ, ವಿದ್ಯಾರ್ಥಿಗಳಿಗೆ ಪಾಠ ಹೇಳುವುದಕ್ಕೆ. 1941ರಲ್ಲಿ ಬೆಥೂನ್ ಹೆಸರಿನ ಆಸ್ಪತ್ರೆಯ ಮುಖ್ಯಸ್ಥರಾದರು, ಆ ನಾಡಿನ ಗುವೊ ಚಿಂಗ್‌ಲಾನ್ ಅವರನ್ನು ವರಿಸಿದರು. ಮಗನಿಗಿಟ್ಟ ಹೆಸರು ಯಿನ್‌ಹುವಾ: ‘ಯಿನ್’ ಎಂದರೆ ಭಾರತ, ‘ಹುವಾ’ ಎಂದರೆ ಚೀನ. 1942ರ ಡಿಸೆಂಬರಿನಲ್ಲಿ, 32ನೆಯ ವಯಸ್ಸಿಗೇ, ಅಲ್ಲೇ ತೀರಿಕೊಂಡರು.

ದುಭಾಷಿಯಿಂದ ಕೆಲಸ ಸಾಗುತ್ತಿರಲಿಲ್ಲವೆ? ಸಾಗುತ್ತಿತ್ತು. ಆದರೆ ನೋವಿನ ಮಾತು ಇನ್ನೊಬ್ಬರ ಬಾಯಿ ದಾಟುವಾಗ ಸವೆಯುತ್ತದೆ. ಇದನ್ನು ಗಡಿಯವರಿಗೆ ಯಾರೂ ಕಲಿಸಬೇಕಿಲ್ಲ. ಜತ್ತದ ಕಡೆಯ ಮುದುಕಿ ‘ಹೊಟ್ಟ್ಯಾಗ ಕಲಸಿದಂಗ ಆಗ್ತದ, ಎದಿ ಝಲ್ ಅಂತದ’ ಎಂದದ್ದನ್ನು ಮೊಮ್ಮಗ ಮರಾಠಿ ಡಾಕ್ಟರರಿಗೆ ‘ಪೋಟ್ ದುಖತಯ್’ ಎಂದು ಮುಗಿಸಿಬಿಡುತ್ತಾನೆ. ತಾನು ಹೇಳಿದ್ದಷ್ಟೂ ತಲುಪಲಿಲ್ಲವೆಂದು ಆಕೆಗೂ ತಿಳಿಯುತ್ತದೆ. ಮುಂದಿನ ಸಲ ಹೇಳುವುದನ್ನೇ ಬಿಡುತ್ತಾಳೆ.

ಇನ್ನೂ ಒಂದಿದೆ. ಭಾಷೆ ಕಲಿಯಬೇಕಾದರೆ ಯಾರ ಸೇವೆಗೆ ಬಂದೆವೋ ಅವರೆದುರೇ ವಿದ್ಯಾರ್ಥಿಯಾಗಿ ಕೂರಬೇಕು. ಕೊಡುವ ಕೈ ಮೇಲೆ, ಪಡೆಯುವ ಕೈ ಕೆಳಗೆ ಎಂಬ ಲೆಕ್ಕ ಆಗ ತಲೆಕೆಳಗಾಗುತ್ತದೆ. ಊರ ಹುಡುಗರು ಉಚ್ಚಾರ ಕೇಳಿ ನಗುತ್ತಾರೆ, ನಗಲಿ.

ಆದರೆ ಇಲ್ಲೇ ಒಂದು ತೊಡಕೂ ಇದೆ. ಪರಭಾಷೆ, ಪರಸಂಸ್ಕೃತಿ ಅರಿತರೆ ನೌಕರಿಗೆ ಅನುಕೂಲವೆಂದು ಹಣ ಕಟ್ಟಿಸಿಕೊಂಡು ಎರಡು-ಮೂರು ವಾರಕ್ಕೆ ಕರೆದೊಯ್ಯುವ ಸಂಸ್ಥೆಗಳಿವೆ. ಆಗ ಬಡವರ ಊರು ನಮ್ಮ ಪಾಠಶಾಲೆಯಾಯಿತು, ಅನಾಥ ಮಕ್ಕಳು ಅಕ್ಷರ ತಿದ್ದುವ ಪಾಟಿಯಾದರು. ಮಗು ನಾಲ್ಕು ಮಾತು ಕಲಿಸಿ ಹಚ್ಚಿಕೊಳ್ಳುವಷ್ಟರಲ್ಲಿ ಬಂದ ಅಕ್ಕ ಹೊರಟಳು. ಮುಂದಿನ ತಿಂಗಳು ಮತ್ತೊಬ್ಬಳು. ಇದನ್ನು ಕಲಿಕೆ ಎನ್ನಬಹುದು, ಸೇವೆ ಎನ್ನಲು ಮನಸ್ಸು ಬಾರದು. 1961ರಲ್ಲಿ ಆರಂಭವಾದ ಅಮೆರಿಕದ ಪೀಸ್ ಕೋರ್ (1976ರವರೆಗೆ ಭಾರತದಲ್ಲೂ ಇತ್ತು) ಸಾಮಾನ್ಯವಾಗಿ ಸುಮಾರು ಮೂರು ತಿಂಗಳು ಸ್ಥಳೀಯ ಭಾಷೆ, ರೀತಿನೀತಿ ಕಲಿಸಿ, ಅನಂತರ ಎರಡು ವರ್ಷ ಕೆಲಸಕ್ಕೆ ಇರಿಸುತ್ತದೆ.

ಹಾಗಾದರೆ ಅಲ್ಪಕಾಲ ಹೋಗುವವರು ಹೋಗಲೇಬಾರದೆ? ಹೋಗಲಿ. ಕಾಳಿನ ಚೀಲ ಹೊರಲಿ, ಔಷಧದ ದಾಸ್ತಾನಿನ ಲೆಕ್ಕ ಬರೆಯಲಿ. ರೋಗಿಯ ಮಂಚದ ಬಳಿ, ಮಕ್ಕಳ ಮುಂದೆ ನಿಲ್ಲುವ ಕೆಲಸವನ್ನು ಮಾತು ಬಲ್ಲವರಿಗೆ ಬಿಡಲಿ. ಗೋಡೆ ಕಟ್ಟುತ್ತೇವೆ ಎನ್ನುವವರೂ ಒಂದಿಷ್ಟು ವಿಚಾರಿಸಬೇಕು, ಆ ಊರಲ್ಲೂ ಗೌಂಡಿಗಳಿರುತ್ತಾರೆ, ಅವರಿಗೂ ಕೂಲಿ ಬೇಕು.